ಕೊಲ್ಲದ ಹಕ್ಕಿ

ಶಾಂತಾಬಾಯಿಗೆ ಗುಜರಾತಿ ಬರುವುದಿಲ್ಲ ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬೆಳಗಾವಿ ಕಡೆಯಿಂದ ಮಗನ ಜೊತೆ ಅಹಮದಾಬಾದಿಗೆ ಬಂದು ಎರಡು ವರ್ಷವಾಗಿತ್ತು. ತರಕಾರಿಯವನ ಜೊತೆ ಜಗಳವಾಡಿ ಗೆಲ್ಲುವಷ್ಟು ಗುಜರಾತಿ ಅವರಿಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಕಲಿತು ಏನು ಮಾಡುವುದಿದೆ ಎಂಬುದು ಅವರ ಅಭಿಪ್ರಾಯ.

ಮಗ ಭರತೇಶನಿಗೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ನೌಕರಿ. 2005ರ ದೀಪಾವಳಿ ಮುಗಿದ ಮೇಲೆ ಅವನಿಗೆ ನಗರದ ಅಂಚಿನ ಚಾಂದ್‌ಖೇಡಾದಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಹಳೆಯ ಕಟ್ಟಡ, ಮೂರನೇ ಮಹಡಿ, ಅಡಿಗೆಮನೆಯ ಹಿಂದೆ ಗ್ಯಾಲರಿ, ಅದರಾಚೆ ದೊಡ್ಡ ನೀಲಗಿರಿ ಮರ. ಸಾಮಾನು ಇಳಿಸುವ ದಿನ ಎದುರು ಮನೆಯ ಹಂಸಾಬೆನ್ ಎಲ್ಲರಿಗೂ ಚಹಾ ತಂದರು. ಕೊಡುತ್ತಾ ಸ್ವಲ್ಪ ಅಳುಕಿನಿಂದ, ಹಿಂದಿನ ಮರದ ಮೇಲೆ ‘ಗೀಧ್’ ಇದೆ, ನಿಮಗೇನೂ ತೊಂದರೆ ಇಲ್ಲ ತಾನೇ ಎಂದು ಗುಜರಾತಿಯಲ್ಲಿ ಕೇಳಿದರು. ಮೊದಲಿದ್ದವರು ಅದಕ್ಕೇ ಮನೆ ಬಿಟ್ಟು ಹೋದರು ಎಂದೂ ಹೇಳಿದರು.

ಶಾಂತಾಬಾಯಿಯ ಕಿವಿಗೆ ಬಿದ್ದದ್ದು ‘ಗಿಡ’. ಮರದ ಮೇಲೆ ಯಾವುದೋ ಬಂದಳಿಕೆ ಬೆಳೆದಿರಬೇಕು ಅಂದುಕೊಂಡರು. ಗಿಡಕ್ಕೆ ಹೆದರಿ ಮನೆ ಬಿಡುವ ಜನರೂ ಇದ್ದಾರಲ್ಲ ಎಂದು ಅವರಿಗೆ ನಗು ಬಂತು. ತಮಗೆ ಗಿಡ ಎಂದರೆ ಪ್ರಾಣ, ದಿನಾ ಬೆಳಿಗ್ಗೆ ತಾವೇ ನೀರು ಹಾಕುವುದಾಗಿ ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ ಭರವಸೆ ಕೊಟ್ಟರು. ಹಂಸಾಬೆನ್ ಕೈ ಮುಗಿದರು. ಸಂಜೆಯೊಳಗೆ, ಹೊಸದಾಗಿ ಬಂದಿರುವ ಕನ್ನಡದ ಅಜ್ಜಿ ಮಹಾ ಪುಣ್ಯವಂತೆ ಎಂದು ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತು.

ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕಲು ಗ್ಯಾಲರಿಗೆ ಬಂದ ಶಾಂತಾಬಾಯಿ ತಲೆ ಎತ್ತಿ ನೋಡಿದರು. ಮರದ ಕವಲಿನಲ್ಲಿ ಕಡ್ಡಿಗಳ ದೊಡ್ಡ ಗೂಡು. ಅದರೊಳಗೆ ಬೋಳು ಕತ್ತಿನ, ಕತ್ತಿನ ಬುಡಕ್ಕೆ ಬಿಳಿ ತುಪ್ಪಳ ಸುತ್ತಿಕೊಂಡ ಒಂದು ಭಾರೀ ಹಕ್ಕಿ. ಅದು ಇವರನ್ನೇ ನೋಡುತ್ತಿತ್ತು. ಅವರ ಕೈಯಿಂದ ಒದ್ದೆ ಸೀರೆ ಜಾರಿ ಕೆಳಗಿನ ಮನೆಯವರ ಗ್ಯಾಲರಿಗೆ ಬಿತ್ತು. ಅದು ರಣಹದ್ದು. ಗೀಧ್ ಅಂದರೆ ರಣಹದ್ದು ಎಂದು ಸೊಸೆ ಮಂದಾಕಿನಿ ಬಿಡಿಸಿ ಹೇಳಿದಳು, ಮುಖ ಆಚೆ ತಿರುಗಿಸಿಕೊಂಡು, ನಗು ಕಾಣಬಾರದೆಂದು.

ಶಾಂತಾಬಾಯಿಗೆ ನಗುವಷ್ಟು ಮನಸ್ಸಿರಲಿಲ್ಲ. ಅವರ ಊರಿನಲ್ಲಿ ಈ ಹಕ್ಕಿ ಸೂರಿನ ಮೇಲೆ ಕೂತರೆ ಮನೆಗೆ ಬೀಗ ಹಾಕಿ ಹೊರಗೆ ಹೋಗಿ ಇರುತ್ತಿದ್ದರು. ಇಲ್ಲಿ ಅದು ಅಡಿಗೆಮನೆಯ ಎದುರಿಗೇ ಸಂಸಾರ ಹೂಡಿತ್ತು. ಟೊಂಗೆ ಕಡಿಸೋಣವೆಂದರೆ ಗೂಡಿನಲ್ಲಿ ಮೊಟ್ಟೆ ಇದೆ. ಇವರೋ ಜೈನರು, ನೀರು ಸೋಸಿ ಕುಡಿಯುವವರು, ಹೊತ್ತು ಮುಳುಗಿದ ಮೇಲೆ ಊಟ ಮಾಡದವರು. ಮೊಟ್ಟೆ ಕೆಡವುವ ಮಾತನ್ನು ಬಾಯಲ್ಲಿ ಹೇಗೆ ಆಡುವುದು? ಹಾಗೆಂದು ಸುಮ್ಮನಿರಲೂ ಆಗದು. ಮನೆ ಬದಲಾಯಿಸು ಎಂದು ಮಗನ ಬೆನ್ನು ಹತ್ತಿದರು. ಒಂದು ಕ್ವಾರ್ಟರ್ಸ್ ಸಿಗುವುದಕ್ಕೇ ತಾನೆಷ್ಟು ಅಲೆದಿದ್ದೇನೆಂದು ಭರತೇಶನಿಗೆ ಗೊತ್ತಿತ್ತು. ಅವನು ಅವ್ವನಿಗೆ ಎದುರಾಡದೆ ಡಾಕ್ಟರ್ ಗಗನಾಳನ್ನು ಮನೆಗೆ ಕರೆದ.

ಗಗನಾ ಬೀದರಿನ ಹುಡುಗಿ, ಪಶುವೈದ್ಯೆ. ಗಾಯಗೊಂಡ ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಸಂಸ್ಥೆಯಲ್ಲಿ ಕೆಲಸ. ಅಹಮದಾಬಾದಿನದೇ ಬಡಾವಣೆಯಾದ ಬೋಪಾಲ್‌ನಲ್ಲಿ ಗೆಳತಿಯರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಳು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಭರತೇಶನಿಗೆ ಪರಿಚಯವಾಗಿತ್ತು. ಭಾನುವಾರ ಸ್ಕೂಟರಿನಲ್ಲಿ ಬಂದಳು. ಬಂದವಳೇ ಗ್ಯಾಲರಿಗೆ ಹೋಗಿ, ಗೂಡನ್ನು ನೋಡಿ, ಬಹಳ ಹೊತ್ತು ನಿಂತಳು. ಅವಳ ಮುಖದಲ್ಲಿ ದೇವರ ದರ್ಶನವಾದವರ ಸಂತೋಷವಿತ್ತು. ಶಾಂತಾಬಾಯಿಗೆ ಅದು ಒಂಚೂರೂ ಹಿಡಿಸಲಿಲ್ಲ.

“ಹೆಣಾ ತಿನ್ನೂ ಹಕ್ಕಿ ನೋಡವ್ವಾ. ಅಡಗೀಮನಿ ಮುಂದ ಕುಂತೈತಿ. ನಮಗ ಕೂಳು ಹೆಂಗ ಇಳೀಬೇಕು?” ಎಂದರು.

“ಅಮ್ಮಾರ, ಗಿಡುಗ ಕೊಂದು ತಿಂತೈತಿ, ಗೂಬಿ ಕೊಂದು ತಿಂತೈತಿ. ಬೆಳ್ಳಗೆ ಕಾಣೂ ಕೊಕ್ಕರಿನೂ ಮೀನಾ ಕೊಂದs ತಿಂತೈತಿ. ಇದು ಕೊಲ್ಲೂ ಹಕ್ಕಿ ಅಲ್ರಿ. ತಾನಾಗಿ ಸತ್ತದ್ದರ ಮ್ಯಾಲೆ ಬದುಕತೈತಿ.”

ಶಾಂತಾಬಾಯಿ ಕಣ್ಣು ಕಿರಿದು ಮಾಡಿ ಕೇಳಿದರು, “ಜೈನರ ಮನೀಗೆ ಬಂದೀನಂತ ಈ ಮಾತು ತಗದಿ ಏನು?”

“ಹೌದ್ರಿ. ಆದ್ರ ಖರೇ ಮಾತು.”

ಆ ಉತ್ತರ ಅವರಿಗೆ ಹಿಡಿಸಿತು. ಕೂತುಕೋ ಎಂದರು, ಅವಲಕ್ಕಿ ಕೊಟ್ಟರು. ಗಗನಾ ತಿನ್ನುತ್ತಾ ಹೇಳುತ್ತಾ ಹೋದಳು. ಸತ್ತ ಎಮ್ಮೆಯನ್ನು ಊರ ಹೊರಗೆ ಎಸೆದರೆ ಈ ಹಕ್ಕಿಗಳ ಹಿಂಡು ನೋಡನೋಡುತ್ತ ಎಲುಬು ಬಿಟ್ಟು ಉಳಿದೆಲ್ಲ ಮುಗಿಸುತ್ತದೆ. ಕೊಳೆಯಲು, ರೋಗ ಹಬ್ಬಲು ಸಮಯವನ್ನೇ ಕೊಡುವುದಿಲ್ಲ. ಅವು ಇಲ್ಲದ ಕಡೆ ಅದೇ ಹೆಣ ವಾರಗಟ್ಟಲೆ ನಾರುತ್ತದೆ, ಬೀದಿನಾಯಿ ಹೆಚ್ಚುತ್ತವೆ, ನಾಯಿ ಕಡಿತವೂ ಹೆಚ್ಚುತ್ತದೆ. ಒಂದು ಕಾಲಕ್ಕೆ ದೇಶದ ತುಂಬ ಇದ್ದ ಹಕ್ಕಿ ಇದು. ಹತ್ತು ಹದಿನೈದು ವರ್ಷಗಳಲ್ಲಿ ನೂರು ಇದ್ದ ಕಡೆ ನಾಲ್ಕೈದು ಕೂಡ ಉಳಿದಿಲ್ಲ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಈ ಗೂಡಿನ ಬೆಲೆ ಏನೆಂದು ನೀವೇ ಯೋಚಿಸಿ ಎಂದಳು.

ಶಾಂತಾಬಾಯಿ ಯೋಚಿಸಿದರು. ಚಿಕ್ಕಂದಿನಲ್ಲಿ ಊರ ಹೊರಗಿನ ಒಡ್ಡಿನ ಮೇಲೆ ಈ ಹಕ್ಕಿಗಳು ಸಾಲಾಗಿ ಕೂತಿರುತ್ತಿದ್ದವು. ಹುಡುಗರು ಕಲ್ಲು ಎಸೆದರೂ ಕದಲುತ್ತಿರಲಿಲ್ಲ. ಆಮೇಲೆ ಯಾವಾಗ ನೋಡಿದ್ದು? ನೆನಪಾಗಲಿಲ್ಲ. ಇಲ್ಲವಾಗಿವೆ ಎಂದು ಊರಲ್ಲಿ ಒಬ್ಬರೂ ಆಡಿಕೊಂಡದ್ದು ಕೇಳಿರಲಿಲ್ಲ. ಅಷ್ಟು ದೊಡ್ಡ ಹಕ್ಕಿ ಕಣ್ಣೆದುರಿನಿಂದ ಮಾಯವಾದರೂ ಯಾರಿಗೂ ತಿಳಿಯಲಿಲ್ಲವಲ್ಲ ಎಂದು ಅವರಿಗೆ ಕಸಿವಿಸಿಯಾಯಿತು. ಮನೆ ಬದಲಾಯಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಚಳಿಗಾಲವೆಲ್ಲ ಶಾಂತಾಬಾಯಿ ಗ್ಯಾಲರಿಯಲ್ಲೇ ಕಳೆದರು ಎನ್ನಬೇಕು. ಅಕ್ಕಿ ಆರಿಸುವುದು ಅಲ್ಲಿ, ಜಪ ಮಾಡುವುದೂ ಅಲ್ಲಿ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವಿಗೆ ಕೂರುವುದನ್ನು ಕಂಡು, ಎಷ್ಟೋ ಗಂಡಸರಿಗೆ ಇಷ್ಟು ಬುದ್ಧಿ ಇಲ್ಲ ಎಂದು ಮಗನಿಗೆ ಕೇಳುವಂತೆ ಹೇಳಿದರು. ತಿಂದು ಬಂದ ಹಕ್ಕಿ ಬಿಸಿಲಿಗೆ ರೆಕ್ಕೆ ಬಿಚ್ಚಿ ನಿಂತಾಗ ಅದರ ಅಗಲ ನೋಡಿ ಬೆರಗಾದರು. ಆಳೆತ್ತರಕ್ಕಿಂತ ಹೆಚ್ಚಿನ ರೆಕ್ಕೆ! ತಲೆ ಕತ್ತು ಬೋಳಾಗಿರುವುದು ಹೊಲಸು ಅಂಟಬಾರದೆಂದು, ನೀರು ಸಿಕ್ಕರೆ ಇವು ಸ್ನಾನ ಮಾಡುತ್ತವೆ ಎಂದು ಗಗನಾ ಹೇಳಿದಾಗಿನಿಂದ ಅವರ ಗೌರವ ಇನ್ನೂ ಹೆಚ್ಚಿತು. ಹೊಸ ವರ್ಷದ ಹೊತ್ತಿಗೆ ಮೊಟ್ಟೆಯೊಡೆದು ಮರಿ ಬಂತು. ಹಂಸಾಬೆನ್‌ಗೆ ಸಕ್ಕರೆ ಕೊಟ್ಟು ಬಂದವರು ಶಾಂತಾಬಾಯಿಯೇ.

ಸಂಕ್ರಾಂತಿ ಬಂತು. ಇಡೀ ಅಹಮದಾಬಾದು ಗಾಳಿಪಟ ಹಿಡಿದು ಮಾಳಿಗೆ ಹತ್ತಿತು. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಹಕ್ಕಿಯ ರೆಕ್ಕೆಯನ್ನೇ ಕೊಯ್ದುಹಾಕುತ್ತದೆ ಎಂದು ಗಗನಾ ಮೊದಲೇ ಎಚ್ಚರಿಸಿದ್ದಳು. ಶಾಂತಾಬಾಯಿ ಮತ್ತು ಹಂಸಾಬೆನ್ ಮನೆಮನೆಗೆ ಹೋಗಿ, ಹಕ್ಕಿಗಳು ಗೂಡು ಬಿಡುವ ಮತ್ತು ಮರಳುವ ಹೊತ್ತಿನಲ್ಲಿ ಪಟ ಬೇಡ ಎಂದು ಒಪ್ಪಿಸಿದರು. ಒಪ್ಪದವರ ಮನೆ ಬಾಗಿಲಲ್ಲಿ ಶಾಂತಾಬಾಯಿ ತಮ್ಮ ತರಕಾರಿ ಗುಜರಾತಿಯನ್ನು ಬಳಸಿದರು. ಅವರೂ ಒಪ್ಪಿದರು.

ಮಾರ್ಚ್ ಬಂತು. ಮರಿಗೆ ಕರಿ ಗರಿ ಮೂಡಿದ್ದವು. ಆ ವಾರ ತಂದೆತಾಯಿಯಲ್ಲಿ ಒಂದು ಹಕ್ಕಿ ಟೊಂಗೆಯ ಮೇಲೆ ಕೂತು ಕತ್ತು ಜೋತುಬಿಡತೊಡಗಿತು. ಎಚ್ಚರವಾದಾಗ ಎತ್ತುತ್ತಿತ್ತು, ಮತ್ತೆ ಜೋತುಬಿಡುತ್ತಿತ್ತು. ಬಿಸಿಲಿಗೆ ತೂಕಡಿಸುತ್ತಿದೆ ಅಂದುಕೊಂಡರು ಶಾಂತಾಬಾಯಿ. ಒಂದು ಮಧ್ಯಾಹ್ನ ಅದು ಹಾಗೇ ಟೊಂಗೆಯಿಂದ ಜಾರಿ ಕೆಳಗೆ ಬಿತ್ತು. ಅವರು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಸತ್ತಿತ್ತು. ಮನೆಯವರೇ ಹೋದಂತೆ ಅವರು ಅತ್ತರು.

ಗಗನಾ ಬಂದು ಹಕ್ಕಿಯನ್ನು ಒಯ್ದಳು. ಎರಡು ದಿನ ಬಿಟ್ಟು ಬಂದಾಗ ಅವಳ ಮುಖ ಸಪ್ಪಗಿತ್ತು. ಪರೀಕ್ಷೆ ಮಾಡಿ ನೋಡಿದೆವು, ಮೂತ್ರಪಿಂಡ ಕೆಟ್ಟುಹೋಗಿತ್ತು, ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟಿತ್ತು ಎಂದಳು. ದೇಶದಲ್ಲಿ ಇವು ಸಾಯುತ್ತಿರುವುದು ಹೀಗೆಯೇ. ದನಕ್ಕೆ ನೋವು ಇಳಿಯಲೆಂದು ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಡುತ್ತಾರೆ. ಕೊಟ್ಟ ಕೆಲವೇ ದಿನದಲ್ಲಿ ಆ ದನ ಸತ್ತರೆ ಔಷಧ ಮಾಂಸದಲ್ಲಿ ಉಳಿದಿರುತ್ತದೆ. ದನಕ್ಕೆ ಅದು ಔಷಧ, ಇವಕ್ಕೆ ವಿಷ.

ಮಂದಾಕಿನಿ ಅತ್ತೆಯ ಮುಖ ನೋಡಿದಳು. ಎದ್ದು ಹೋಗಿ ಕಪಾಟಿನಿಂದ ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಊರಾಚೆ ಒಂದು ಪಾಂಜರಾಪೋಳ್ ಇತ್ತು, ಅಂದರೆ ಮುದಿ ದನ, ಕುಂಟು ದನಗಳನ್ನು ಸಾಯುವವರೆಗೆ ಸಾಕುವ ಧರ್ಮದ ಕೊಟ್ಟಿಗೆ. ಅಹಮದಾಬಾದಿಗೆ ಬಂದಾಗಿನಿಂದ ಶಾಂತಾಬಾಯಿ ತೀರಿಹೋದ ಗಂಡನ ಹೆಸರಿನಲ್ಲಿ ಅಲ್ಲಿಗೆ ನೋವಿನ ಇಂಜೆಕ್ಷನ್ ದಾನ ಕೊಡುತ್ತಿದ್ದರು. ಈ ಸಲದ ಪುಣ್ಯತಿಥಿಗೆಂದು ತರಿಸಿಟ್ಟ ಪೆಟ್ಟಿಗೆ ಅದು. ಗಗನಾ ಒಂದು ಬಾಟಲಿ ತೆಗೆದು ಓದಿದಳು. ಅದೇ ಔಷಧ.

ಶಾಂತಾಬಾಯಿ ಬಾಟಲಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಮನೆಯಲ್ಲಿ ಇರುವೆಗೂ ಹಾದಿ ಬಿಟ್ಟು ನಡೆದವರು ಅವರು. ತೀರಿಹೋದವರ ಹೆಸರಿನಲ್ಲಿ ತಾವು ಕೊಟ್ಟದ್ದು ಪುಣ್ಯವೋ ಪಾಪವೋ ತಿಳಿಯದಾಯಿತು. ಈ ಹಕ್ಕಿ ಆ ಕೊಟ್ಟಿಗೆಯ ದನವನ್ನೇ ತಿಂದು ಸತ್ತಿತೆಂದು ಹೇಳಲಾಗದು, ಬೇರೆ ಕಡೆಯೂ ತಿಂದಿರಬಹುದು ಎಂದು ಗಗನಾ ಸಮಾಧಾನ ಹೇಳಿದಳು. ಆದರೆ ಆ ಕೊಟ್ಟಿಗೆಯ ಹಿಂದಿನ ಬಯಲಿಗೆ ಸತ್ತ ದನ ಹಾಕುತ್ತಾರೆ, ಉಳಿದ ಇನ್ನೊಂದು ಹಕ್ಕಿಯೂ ಅಲ್ಲಿಗೆ ಹೋಗುತ್ತದೆ ಎಂಬುದನ್ನು ಮುಚ್ಚಿಡಲಿಲ್ಲ. ಅದೂ ಹೋದರೆ ಗೂಡಿನ ಮರಿಗೆ ತುತ್ತು ತರುವವರಿಲ್ಲ.

“ಹಂಗಾರ ದನಾ ನೋವಿಲೆ ನರಳಿ ನರಳಿ ಸಾಯಲೇನು?” ಶಾಂತಾಬಾಯಿ ಕೇಳಿದರು. “ಅದೂ ಒಂದು ಜೀವಾನ ಅಲ್ಲೇನವ್ವಾ?”

“ದಯಾ ಬಿಡ್ರಿ ಅನ್ನೂದಿಲ್ರಿ ಅಮ್ಮಾರ. ಔಷಧಾ ಬದಲ ಮಾಡ್ರಿ. ಮೆಲಾಕ್ಸಿಕ್ಯಾಮ್ ಅಂತ ಐತಿ. ದನದ ನೋವೂ ಇಳಿಸತೈತಿ, ಹಕ್ಕಿಗೂ ಏನೂ ಆಗೂದಿಲ್ಲ. ಈಗಷ್ಟ ಪರೀಕ್ಷಾ ಮಾಡಿ ನೋಡ್ಯಾರ.”

ಮರುದಿನವೇ ಎಲ್ಲರೂ ಪಾಂಜರಾಪೋಳ್‌ಗೆ ಹೋದರು. ಅಲ್ಲಿನ ಮೇಲ್ವಿಚಾರಕರು ಒಳ್ಳೆಯವರು, ಆದರೆ ಒಪ್ಪಲು ಸಿದ್ಧರಿರಲಿಲ್ಲ. ದಾನಿಗಳು ತಂದುಕೊಟ್ಟ ಔಷಧವನ್ನು ಬೇಡ ಎನ್ನುವುದು ಹೇಗೆ, ಹೊಸದು ಕೆಲಸ ಮಾಡದಿದ್ದರೆ ದನದ ಗತಿ ಏನು ಎಂದರು. ಗಗನಾ ವೈದ್ಯಕೀಯ ಭಾಷೆಯಲ್ಲಿ ವಿವರಿಸಿದಳು, ಭರತೇಶ ಕಚೇರಿಯ ಭಾಷೆಯಲ್ಲಿ ವಿನಂತಿಸಿದ. ಔಷಧದ ಕೋಣೆಯ ಗೋಡೆಯ ಮೇಲೆ ದಾನಿಗಳ ಹೆಸರಿನ ಫಲಕವಿತ್ತು. ಶಾಂತಾಬಾಯಿ ಎದ್ದು ಅದರ ಮುಂದೆ ನಿಂತು ಗಂಡನ ಹೆಸರಿನ ಮೇಲೆ ಬೆರಳಿಟ್ಟರು. ಸಿಟ್ಟು ದುಃಖ ಎರಡೂ ಬಂದಾಗ ಅವರಿಗೆ ಬೇರೆ ಯಾವ ಭಾಷೆಯೂ ಬರುತ್ತಿರಲಿಲ್ಲ. ಕನ್ನಡದಲ್ಲೇ ಹೇಳಿದರು.

“ಈ ಔಷಧಾ ಇಲ್ಲಿ ಇರೂದಾದ್ರ ನಮ್ಮ ಯಜಮಾನ್ರ ಹೆಸರು ಅಳಸ್ರಿ. ಹೆಸರು ಇರೂದಾದ್ರ ಔಷಧಾ ತಗೀರಿ.”

ಭರತೇಶ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ. ಮೇಲ್ವಿಚಾರಕರು ತಮ್ಮ ಪಶುವೈದ್ಯರಿಗೆ ಫೋನ್ ಮಾಡಿದರು. ಈ ವಿಷಯ ತಾನೂ ಕೇಳಿದ್ದೇನೆ, ಬದಲಾಯಿಸುವುದೇ ಒಳ್ಳೆಯದು ಎಂದರು ಆ ವೈದ್ಯರು. ಸಂಜೆಯೊಳಗೆ ಹಳೆಯ ಬಾಟಲಿಗಳೆಲ್ಲ ಔಷಧದ ಕೋಣೆಯಿಂದ ಹೊರಬಿದ್ದವು. ಪುಣ್ಯತಿಥಿಗೆ ಶಾಂತಾಬಾಯಿ ಹೊಸ ಔಷಧವನ್ನೇ ಕೊಟ್ಟರು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಉಳಿದ ಒಂದೇ ಹಕ್ಕಿ ತಿರುಗಿ ಬರುವುದು ತಡವಾದರೆ ಶಾಂತಾಬಾಯಿಗೆ ಊಟ ಸೇರುತ್ತಿರಲಿಲ್ಲ. ಬಂದರೆ ಮೊದಲು ನೋಡುತ್ತಿದ್ದದ್ದು ಅದರ ಕತ್ತನ್ನು. ಕತ್ತು ನೆಟ್ಟಗಿತ್ತು. ದಿನವೂ ನೆಟ್ಟಗೇ ಇತ್ತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಮರಿ ಟೊಂಗೆಯ ತುದಿಗೆ ಬಂತು. ಹಿಂದೆ ಮುಂದೆ ನೋಡಿತು. ಕೊನೆಗೆ ಹಾರಿತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಶಾಂತಾಬಾಯಿ ಮಂದಾಕಿನಿಯ ಕೈ ಹಿಡಿದುಕೊಂಡರು. ಕೆಳಗೆ ಕೆಳಗೆ ಹೋದ ಹಕ್ಕಿ ಕಾಂಪೌಂಡಿನ ಗೋಡೆಯ ಹತ್ತಿರ ರೆಕ್ಕೆ ಪೂರ್ತಿ ಬಿಚ್ಚಿತು. ಗಾಳಿ ಅದನ್ನು ಎತ್ತಿಕೊಂಡಿತು. ಆಮೇಲೆ ರೆಕ್ಕೆ ಬಡಿಯುವ ಕೆಲಸವೇ ಇರಲಿಲ್ಲ. ಸುತ್ತು ಹಾಕುತ್ತಾ ಮೇಲೇರಿ, ಚಾಂದ್‌ಖೇಡಾದ ನೀರಿನ ಟಾಕಿಗಳನ್ನೆಲ್ಲ ದಾಟಿ ಹೋಯಿತು. ಅದು ಎಂಥ ಚೆಂದದ ಹಾರಾಟ ಎಂದು ಇವತ್ತಿಗೂ ಶಾಂತಾಬಾಯಿ ಹೇಳುತ್ತಾರೆ, ಕೇಳುವವರಿಗೆ ಬೇಡವೆನಿಸುವಷ್ಟು ಸಲ ಹೇಳುತ್ತಾರೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗೂಡಿರುವ ಮರವನ್ನು ಕಡಿಯಬೇಡಿ. ಬೆಳಿಗ್ಗೆ ಸಂಜೆ ಹಕ್ಕಿ ಹಾರುವ ಹೊತ್ತಿನಲ್ಲಿ ಗಾಳಿಪಟ ಬಿಡಬೇಡಿ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಅಣ್ಣತಮ್ಮಂದಿರ ಕೊಟ್ಟಿಗೆಯಲ್ಲಿ ದನ ಎಮ್ಮೆ ಇದ್ದರೆ, ಅವಕ್ಕೆ ನೋವಿನ ಔಷಧ ಕೊಡುವ ಮುಂಚೆ ಬಾಟಲಿಯ ಮೇಲಿನ ಹೆಸರು ಓದಿ. ಡೈಕ್ಲೊಫೆನಾಕ್ ಬೇಡ, ಮೆಲಾಕ್ಸಿಕ್ಯಾಮ್ ಕೊಡಿ ಎಂದು ಪಶುವೈದ್ಯರನ್ನು ಕೇಳಿ. ಆ ಮರಿ ಹಾರಿಹೋಗಿದೆ. ಹಸಿವಾದಾಗ ಅದು ಎಲ್ಲೋ ಒಂದು ಸತ್ತ ದನದ ಬಳಿ ಇಳಿಯಲೇಬೇಕು. ಆ ದನ ನಿಮ್ಮದೇ ಆಗಿರಬಹುದು.