ಹೋತ ತಿಂದ ಕೇಬಲ್ಲು

ಕೇಬಲ್ಲಿಗೆ ಎರಡು ತುದಿ. ಕಥೆಯನ್ನು ಯಾವ ತುದಿಯಿಂದ ಶುರು ಮಾಡಬೇಕು ಅನ್ನುವುದೇ ನನ್ನ ತಕರಾರು. ಮಾಳಿಗೆಯ ಮೇಲಿನ ಡಿಶ್‌ನಿಂದಲೋ, ಪಡಸಾಲೆಯ ಟಿವಿಯಿಂದಲೋ? ಹೋಗಲಿ, ನಡುವಿನಿಂದಲೇ ಶುರು ಮಾಡೋಣವೆಂದರೆ ನಡುವನ್ನು ಹೋತ ತಿಂದುಬಿಟ್ಟಿದೆ.

೧.

ಇರಕಲ್ಲಗಡದ ಗುಡ್ಡದ ನೆತ್ತಿಯ ಮೇಲೆ ಸೂರ್ಯನು ಕೆಂಪಗೆ...

(ಹೊಡೆದು ಹಾಕಿದೆ. ಸೂರ್ಯನನ್ನು ಕರೆಯದೆ ಕಥೆ ಶುರುವಾಗುವುದಿಲ್ಲ ಅನ್ನುವುದು ನಮ್ಮಂಥವರ ಹಳೇ ಚಾಳಿ. ಅವನು ಬರುತ್ತಾನೆ, ಬಂದು ತೊಂದರೆಯನ್ನೂ ಕೊಡುತ್ತಾನೆ. ಈಗ ಬೇಡ.)

೧. ಇನ್ನೊಮ್ಮೆ

ಬೇಸಿಗೆ ಬಂತೆಂದರೆ ಇರಕಲ್ಲಗಡದ ಕಸ್ತೂರೆಮ್ಮ ಶ್ಯಾವಿಗೆ ಹೊಸೆಯದೆ ಬಿಟ್ಟವಳಲ್ಲ. ಹಸಿ ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು ಮಾಳಿಗೆಯಲ್ಲಿ ಒಣಗಿಸುವುದು ರೂಢಿ. ಈ ಸಲ ಕೋಲುಗಳೆಲ್ಲ ಕುರಿಹಟ್ಟಿಯ ಬೇಲಿಗೆ ಹೋಗಿದ್ದವು. ಡಿಶ್‌ನ ಕಂಬದಿಂದ ಕುಂಬಿ ಗೋಡೆಯವರೆಗೆ ಕರೀ ಕೇಬಲ್ಲೊಂದು ಕೆಲಸವಿಲ್ಲದಂತೆ ಜೋತಾಡುತ್ತಿತ್ತು. ಕಸ್ತೂರೆಮ್ಮ ಅದನ್ನು ಜಗ್ಗಿ ಬಿಗಿದಳು, ಸೆರಗಿನಿಂದ ಒರೆಸಿದಳು, ಶ್ಯಾವಿಗೆ ಹಾಕಿ ಕೆಳಗಿಳಿದಳು.

ಮರುದಿನ ಮುಂಜಾನೆ ಹಟ್ಟಿಯ ಹೋತ ಮೆಟ್ಟಿಲು ಹತ್ತಿ ಬಂತು. ಎಲ್ಲಿಗೆ ಶ್ಯಾವಿಗೆ ಮುಗಿಯಿತು, ಎಲ್ಲಿಂದ ಕೇಬಲ್ಲು ಶುರುವಾಯಿತು ಅಂತ ಅದಕ್ಕೆ ಯಾರು ತಿಳಿಸಬೇಕು? ಕುಂಬಿಯ ಹತ್ತಿರದ ಒಂದು ಮೊಳ ಕೇಬಲ್ಲು ಅದರ ಹೊಟ್ಟೆ ಸೇರಿತು. (ಹೋತ ಗಟ್ಟಿಮುಟ್ಟಾಗಿದೆ. ಕೇಳುವವರಿದ್ದೀರಿ ಅಂತ ನನಗೆ ಗೊತ್ತು.)

೨.

ಬೇರೆ ದಿನವಾಗಿದ್ದರೆ ಕಸ್ತೂರೆಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ದಿನ ಸಂಜೆ ಟಿವಿಯಲ್ಲಿ ಹೆಂಗಸರ ಕಬಡ್ಡಿ ಫೈನಲ್ಲು. ಅವಳ ಮಗಳು ದ್ರಾಕ್ಷಾಯಿಣಿ ಅದರಲ್ಲಿ ಆಡುವವಳಲ್ಲ, ಆಡಿಸುವವಳು. ರೆಫ್ರಿ!

ಆ ಹುಡುಗಿಗೆ ಕುಷ್ಟಗಿಯಿಂದ ಒಂದು ನೆಂಟಸ್ತನ ಬಂದಿತ್ತು. ತಂದವಳು ಎದುರು ಮನೆಯ ಕಿರಾಣಿ ಅಂಗಡಿ ಪಾರ್ವತೆಮ್ಮ. ಗಂಡಿನವರದು ಒಂದೇ ಕರಾರು: ಹುಡುಗಿ ಸೀಟಿ ಊದುವುದನ್ನು ಬಿಡಬೇಕು. ಬಿಡಿಸುತ್ತೇನೆ ಅಂತ ಮರುದಿನ ಅಪ್ಪ ಬಾಲಪ್ಪ ಮಾತು ಕೊಡುವವನಿದ್ದ. ಮಗಳು ಆಟ ಆಡಿಸುವುದನ್ನು ಅವನು ಒಂದು ಸಲವೂ ನೋಡಿದವನಲ್ಲ.

"ಕೊಳ್ಳಾಗ ಸೀಟಿ ಕಟ್ಗೊಂಡು ಓಡ್ಯಾಡಾದು. ಅದ್ರಾಗೇನ್ ನೋಡಾದೈತಿ?" ಅನ್ನುತ್ತಿದ್ದ.

ಮಾತು ಕೊಡುವ ಮುಂಚೆ ಅವನು ಒಮ್ಮೆ ಕಣ್ಣಾರೆ ನೋಡಲಿ, ಆಮೇಲೆ ದೇವರಿಟ್ಟಂತಾಗಲಿ. ಕಸ್ತೂರೆಮ್ಮನಿಗೆ ಬೇಕಾದದ್ದು ಇಷ್ಟೇ, ಮತ್ತು ಇದು ಇಷ್ಟೇ ಅನ್ನುವಷ್ಟು ಸಣ್ಣದಲ್ಲ.

(ಮೊಬೈಲ್‌ನಲ್ಲಿ ತೋರಿಸಬಹುದಿತ್ತಲ್ಲ, ಅನ್ನುತ್ತಿದ್ದೀರಿ. ನಾನೂ ಅದನ್ನೇ ಕೇಳಿ ಉಗಿಸಿಕೊಂಡೆ. "ಅಂಗೈಯಾಗ ನೋಡಾಕ ನನ್ನ ಮಗಳೇನು ಇರುವಿ ಏನ್ರೀ? ದೊಡ್ಡಾಕಿ ಅದಾಳ. ದೊಡ್ಡದ್ರಾಗ ಕಾಣ್ಬೇಕು!" ಅಂದಳು. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

೩.

ಮೊದಲು ಕೈ ಹಾಕಿದವನು ಬಾಲಪ್ಪ. ಆಟದ ಮೇಲಿನ ಪ್ರೀತಿಯಿಂದಲ್ಲ, ವೈರು ಕಂಡರೆ ಅವನ ಕೈ ತುರಿಸುತ್ತದೆ. ಬೋರ್‌ವೆಲ್‌ನ ಮೋಟರ್ ವೈರಿಗೆ ಅವನು ಹಾಕಿದ ಗಂಟನ್ನು ಬಿಚ್ಚಿದವರು ಇನ್ನೂ ಹುಟ್ಟಿಲ್ಲ.

"ಇದೇನ್ ಮಹಾ! ಹೊಸೆದ್ ಬಿಟ್ರ ಮುಗೀತು," ಅಂದ.

ಹೋತ ತಿಂದ ಜಾಗಕ್ಕೆ ಮೋಟರ್ ವೈರಿನ ತುಂಡು ಹಚ್ಚಿದ. ಎರಡೂ ಕಡೆ ಕೇಬಲ್ಲಿನ ಒಳಗಿನ ತಾಮ್ರದ ತಂತಿ, ಅದರ ಸುತ್ತಲಿನ ಬೆಳ್ಳಿ ಬಣ್ಣದ ಜಾಳಿಗೆ, ಎಲ್ಲವನ್ನೂ ಒಟ್ಟು ಸೇರಿಸಿ ಹೊಸೆದು, ಮೇಲೆ ದಪ್ಪಗೆ ಟೇಪು ಸುತ್ತಿದ. ಆನೆ ಜಗ್ಗಿದರೂ ಬಿಚ್ಚುವಂತಿರಲಿಲ್ಲ.

ಟಿವಿ ಹಾಕಿದರು. ನೋ ಸಿಗ್ನಲ್.

"ಡಿಶ್ಶೇ ಹಾಳಾಗೈತಿ," ಅಂತ ತೀರ್ಪು ಕೊಟ್ಟು ಬಾಲಪ್ಪ ಎಲೆಯಡಿಕೆ ಹಾಕಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

೪.

ಇಲ್ಲಿ ನಾನು ಕೊಪ್ಪಳದಿಂದ ಬೈಕಿನಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದ್ದೆ. ಅರ್ಧ ಪುಟ ಬರೆದೂ ಆಗಿತ್ತು. ಹಿಟ್ನಾಳದ ಹತ್ತಿರ ಅವನ ಗಾಡಿ ಪಂಕ್ಚರ್ ಆಗುವುದರಲ್ಲಿತ್ತು. ಅಷ್ಟರಲ್ಲಿ ಕಸ್ತೂರೆಮ್ಮ ತಡೆದಳು.

"ಅವ ಯಾಕ್ರಿ ನಡುವ? ಕಟ್ಟಿದಾಕಿ ನಾನು, ಕೆಡಿಸಿದಾಕಿ ನಾನು. ಮಾಡಾಕಿನೂ ನಾನಽ."

ಮೆಕ್ಯಾನಿಕ್‌ನನ್ನು ವಾಪಸು ಕಳಿಸಿದೆ. ಅವನಿಗೆ ಹೆಸರೂ ಇಟ್ಟಿರಲಿಲ್ಲ, ಪಾಪ.

೫.

ಪ್ಲಗ್ಗು ಕಿತ್ತಿಟ್ಟು ಕಸ್ತೂರೆಮ್ಮ ಗಂಡನ ಗಂಟನ್ನು ಬಿಚ್ಚಲಿಲ್ಲ, ಕುಡಗೋಲಿನಿಂದ ಕತ್ತರಿಸಿಯೇ ಬಿಟ್ಟಳು. ನೆಟ್ಟಗಿದ್ದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಮೇಲೆ ಕರೀ ಸಿಪ್ಪೆ, ಅದರೊಳಗೆ ಜಾಳಿಗೆ, ಅದರೊಳಗೆ ಬಿಳೀ ದಿಂಡು, ನಟ್ಟನಡುವೆ ತಾಮ್ರ.

"ಇದು ಗೋಂಜಾಳ ತೆನಿ ಇದ್ದಂಗ ಐತಲ್ಲ," ಅಂದಳು.

ಮೆಕ್ಕೆಜೋಳದ ತೆನೆ ಸುಲಿದ ಕೈಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ತಾಮ್ರಕ್ಕೂ ಜಾಳಿಗೆಗೂ ನಡುವೆ ಬಿಳೀ ದಿಂಡು ಸುಮ್ಮನೆ ಇಟ್ಟಾರೆಯೇ? ಒಂದಕ್ಕೊಂದು ಹತ್ತಬಾರದು ಅಂತಲೇ ಇಟ್ಟಿದ್ದಾರೆ. ತನ್ನ ಗಂಡ ಅವೆರಡನ್ನೂ ಕೂಡಿಸಿ ಹೊಸೆದಿದ್ದಾನೆ! ಟಿವಿ ಕಡೆಯ ತುಂಡಿನ ತುದಿಯಲ್ಲಿದ್ದ ಹಿತ್ತಾಳೆ ಪಿನ್ನನ್ನು ತಿರುಗಿಸಿ ಕಿತ್ತಳು. ಡಿಶ್ ಕಡೆಯ ತುದಿಯ ಸಿಪ್ಪೆ ಸುಲಿದು, ಜಾಳಿಗೆಯನ್ನು ಹಿಂದಕ್ಕೆ ಮಡಚಿ, ದಿಂಡು ಕೊಯ್ದು, ತಾಮ್ರವೊಂದನ್ನೇ ಮುಂದೆ ಬಿಟ್ಟು, ಆ ಪಿನ್ನನ್ನು ಅದಕ್ಕೆ ತಿರುಗಿಸಿ ಕೂರಿಸಿದಳು. ಛಲೋ ಕೂತಿತು.

ಕೂತರೇನು? ತುಂಡುಗಳನ್ನು ಕೂಡಿಸಲು ಬೇರೆ ಪಿನ್ನಿಲ್ಲ, ಡಿಶ್ ಕಡೆಯ ಕೇಬಲ್ಲನ್ನು ಮಾಳಿಗೆಯಿಂದ ಇಳಿಬಿಟ್ಟರೆ ಅಂಗಳದವರೆಗೆ ಬಂದು ನಿಂತುಬಿಟ್ಟಿತು. ಪಡಸಾಲೆಯ ಟಿವಿ ಇನ್ನೂ ದೂರ. ಹೊಸ ಕೇಬಲ್ಲು ತರೋಣವೆಂದರೆ ವೈರಿನ ಅಂಗಡಿಯವನು ಮದುವೆಗೆಂದು ಯಲಬುರ್ಗಾಕ್ಕೆ ಹೋಗಿದ್ದ.

(ನನ್ನ ಕಥೆ ಇಲ್ಲಿ ಸಿಕ್ಕಿಹಾಕಿಕೊಂಡಿತು. ನಿಜ ಹೇಳುತ್ತೇನೆ, ಮುಂದಿನದು ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು.)

"ವೈರು ಒಳಗ ಬರಂಗಿಲ್ಲಂದ್ರ ಟಿವಿ ಹೊರಗ ಬರ್ಲಿ! ಎತ್ತ್ರಿ ಇದನ್ನ!"

೬.

ಬಾಲಪ್ಪ ಗೊಣಗುತ್ತಲೇ ಟಿವಿ ಹೊತ್ತು ತಂದು ಅಂಗಳದ ಕಟ್ಟೆಯ ಮೇಲಿಟ್ಟ. ಓಣಿಗೆ ಓಣಿಯೇ ಸೇರಿತು. ಇಳಿಬಿಸಿಲು ನೇರ ಪರದೆಗೆ ಹೊಡೆದು ಏನೂ ಕಾಣಲಿಲ್ಲ. (ಸೂರ್ಯ. ಹೇಳಿದ್ದೆನಲ್ಲ.) ಕಸ್ತೂರೆಮ್ಮ ನೆರಳಿಗೆಂದು ಹೊದೆಯುವ ಕೌದಿ ತಂದಳು. ಒಂದು ತುದಿಯನ್ನು ಗಿಡಕ್ಕೆ ಕಟ್ಟಿ, ಇನ್ನೊಂದನ್ನು ಪಾರ್ವತೆಮ್ಮನ ಕೈಗೆ ಕೊಟ್ಟಳು.

"ಎತ್ತಿ ಹಿಡೀರಿ ಅಕ್ಕಾರ, ಕೆಳಗ ಬಿಡಬ್ಯಾಡ್ರಿ."

ನೋ ಸಿಗ್ನಲ್.

ಯಾರೋ ಕಿಸಕ್ಕನೆ ನಕ್ಕರು. ಕಸ್ತೂರೆಮ್ಮ ಪಿನ್ನು ಬಿಚ್ಚಿ ನೋಡಿದಳು. ಜಾಳಿಗೆಯ ಒಂದೇ ಒಂದು ಎಳೆ, ಕೂದಲಿನಷ್ಟು ಸಪೂರ, ತಾಮ್ರಕ್ಕೆ ಅಂಟಿಕೊಂಡಿತ್ತು. ಉಗುರಿನಿಂದ ಚಿವುಟಿ ಒಗೆದಳು. ಮತ್ತೆ ತಿರುಗಿಸಿದಳು.

ಬಂತು! ಹಸಿರು ಮ್ಯಾಟು, ಬಿಳೀ ಗೆರೆ, ನಡುವೆ ದ್ರಾಕ್ಷಾಯಿಣಿ. ಓಣಿ ಹೋ ಅಂದಿತು. ಕಸ್ತೂರೆಮ್ಮ ಕುಡಗೋಲನ್ನು ಕೈಯಲ್ಲಿ ಹಿಡಿದೇ ಕುಣಿದಳು. ಗೆದ್ದಳು, ನನ್ನಾಣೆ ಗೆದ್ದಳು!

೭.

ಮುಕ್ತಾಯಗಳು ಸಿದ್ಧ ಇವೆ. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಆ) ದ್ರಾಕ್ಷಾಯಿಣಿ ತಪ್ಪು ತೀರ್ಪು ಕೊಡುತ್ತಾಳೆ.

ಇ) ಬಾಲಪ್ಪ ಗಳಗಳನೆ ಅಳುತ್ತಾನೆ.

"ಕರೆಂಟ್ ಏನಾರ ತಗದ್ರಿ, ನೋಡ್ರಿ ಮತ್ತ!" ಕಸ್ತೂರೆಮ್ಮ ಕುಡಗೋಲು ತೋರಿಸಿದಳು. "ನನ್ನ ಮಗಳು ತಪ್ಪಂಗಿಲ್ಲ. ಇವ್ರೂ ಅಳೂ ಪೈಕಿ ಅಲ್ಲ."

ಮೂರನ್ನೂ ಹೊಡೆದು ಹಾಕಿದೆ.

೮.

ಆಟ ಸಮಸಮ. ಗೆಲ್ಲುವ ತಂಡವೆಂದು ಹೆಸರಾದವರ ಕ್ಯಾಪ್ಟನ್ನು, ಆರಡಿ ಎತ್ತರದವಳು, ಮುಟ್ಟಿದೆ ಮುಟ್ಟಿದೆ ಅಂತ ಕೂಗುತ್ತ ದ್ರಾಕ್ಷಾಯಿಣಿಯ ಮೇಲೇರಿ ಬಂದಳು. ಹಿಂದೆ ಅವಳ ತಂಡ, ಅದರ ಹಿಂದೆ ಕೋಚು. ಕ್ರೀಡಾಂಗಣದಲ್ಲಿ ಗದ್ದಲವೋ ಗದ್ದಲ.

ಅಂಗಳದಲ್ಲೂ ಅದೇ. ಬಾಲಪ್ಪ ಯಾವಾಗಲೋ ಎದ್ದು ಪರದೆಗೆ ಅಡ್ಡ ನಿಂತಿದ್ದ. "ಏಯ್, ಮುಟ್ಟಿಲ್ಲ ಆಕಿ! ನಾ ನೋಡೀನಿ! ಹಿಂದ ಸರೀ! ಅಂಜಬ್ಯಾಡ ಮಗಳ!" ಪಾರ್ವತೆಮ್ಮ ಕೌದಿ ಎತ್ತಿ ಹಿಡಿದಲ್ಲಿಂದಲೇ, "ಅಡ್ಡ ನಿಂದರಬ್ಯಾಡ್ರಿ, ನಮಗೂ ಕಾಣ್ಲಿ!" ಅಂತ ಚೀರುತ್ತಿದ್ದಳು.

ದ್ರಾಕ್ಷಾಯಿಣಿ ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ. ಜೇಬಿನಿಂದ ಎಚ್ಚರಿಕೆಯ ಹಸಿರು ಕಾರ್ಡು ತೆಗೆದು ಮೇಲಕ್ಕೆತ್ತಿ, ಉಸಿರು ತುಂಬಿ ಸೀಟಿ ಊದಿದಳು.

ಕ್ಯಾಪ್ಟನ್ನು ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋದಳು. ಕೋಚು ಹೋದ. ಕ್ರೀಡಾಂಗಣ ತಣ್ಣಗಾಯಿತು.

ಇಲ್ಲಿ, ಇರಕಲ್ಲಗಡದಲ್ಲಿ, ಬಾಲಪ್ಪನೂ ಆ ಸೀಟಿಗೆ ನೆಲದ ಮೇಲೆ ಕೂತುಬಿಟ್ಟ.

ಇನ್ನು ನಾನು ಹೇಳಬೇಕಾದದ್ದು ಬಹಳ ಇದೆ. ಯಾರು ಗೆದ್ದರು, ಮರುದಿನ ಕುಷ್ಟಗಿಯವರಿಗೆ ಬಾಲಪ್ಪ ಏನಂದ, ನೆಂಟಸ್ತನ ಉಳಿಯಿತೋ ಮುರಿಯಿತೋ. ಪೆನ್ನು ಎತ್ತಿಕೊಂಡು ಪರದೆಯ ಮುಂದೆ ಬಂದು, "ಓದುಗರೇ, ಕೊನೆಗೆ..." ಅಂದೆ.

"ನೀವೂ ಕುಂದರ್ರಿ ಸುಮ್ಮನ," ಅಂದಳು ಕಸ್ತೂರೆಮ್ಮ, ಮಗಳ ಮೇಲಿನ ಕಣ್ಣು ತೆಗೆಯದೆ. "ಆಟ ಇನ್ನೂ ಐತಿ."

ಕೂತೆ.