ಅಮ್ಮನ ಎಲೆ

ಅಮ್ಮ ತೀರಿಕೊಂಡ ಒಂಬತ್ತನೆಯ ದಿನ ತಮ್ಮ ಉಮಾನಾಥ ಕಾಗದ, ಪೆನ್ನು ಹಿಡಿದುಕೊಂಡು ನನ್ನೆದುರು ಬಂದು ಕೂತ.

"ಅಕ್ಕ, ಬೊಜ್ಜದ ಅಡುಗೆಯವರು ಪಟ್ಟಿ ಕೇಳ್ತಿದ್ದಾರೆ. ನೆಂಟರ ಊಟದ್ದು ಬರೆದಾಯಿತು. ಅಮ್ಮನ ಎಲೆಗೆ ಎಂತೆಂತ ಬೇಕು, ನೀನು ಹೇಳು."

ಬೊಜ್ಜವೆಂದರೆ ನಮ್ಮಲ್ಲಿ ಹದಿಮೂರನೆಯ ದಿನದ ಕಾರ್ಯ. ಅಂದು ಯಾರೂ ಉಣ್ಣುವ ಮೊದಲು ತೀರಿಹೋದವರಿಗೆ ಒಳಗಿನ ಕೋಣೆಯಲ್ಲಿ ಎಲೆ ಹಾಕುತ್ತೇವೆ. ಬದುಕಿದ್ದಾಗ ಅವರಿಗೆ ಏನು ಇಷ್ಟವಿತ್ತೋ ಅದನ್ನು ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಅಪ್ಪನ ಬೊಜ್ಜದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಅಪ್ಪನ ಇಷ್ಟ ಊರಿಗೇ ಗೊತ್ತಿತ್ತು, ಮನೆಯಲ್ಲಿ ದಿನಾ ಬೇಯುತ್ತಿದ್ದದ್ದೇ ಅದು. ಈಗ ಹಿರಿಮಗಳಾಗಿ ಅಮ್ಮನ ಎಲೆಗೆ ಬಡಿಸಬೇಕಾದವಳು ನಾನು. ಅಮ್ಮನಿಗೆ ಏನು ಇಷ್ಟವೆಂದು ನನಗೆ ಗೊತ್ತಿರಲಿಲ್ಲ.

"ಕೋಳಿ ಸುಕ್ಕ ಹಾಕುವ," ಎಂದ ಉಮಾನಾಥ.

"ಅದು ನಿನಗೆ ಇಷ್ಟ ಮಾರಾಯ, ಅಮ್ಮನಿಗಲ್ಲ."

"ಪತ್ರೊಡೆ, ಅತ್ತೆ?" ಅವನ ಮಗಳು ಪ್ರಣೀತಾ ಕೇಳಿದಳು. "ಅಜ್ಜಿ ಎಷ್ಟು ಒಳ್ಳೆದು ಮಾಡ್ತಿದ್ರು!"

"ಮಾಡ್ತಿದ್ದದ್ದು ನಿನಗೆ. ಅಜ್ಜಿ ತಿಂದದ್ದನ್ನು ನೋಡಿದ್ದೀಯಾ ನೀನು?"

ಪ್ರಣೀತಾ ಮುಖ ಸಣ್ಣ ಮಾಡಿಕೊಂಡಳು. ಗದರಿದ್ದು ಅವಳನ್ನು, ಸಿಟ್ಟು ಬಂದದ್ದು ನನ್ನ ಮೇಲೆಯೇ. ಅಮ್ಮನ ಬಿಪಿ ಮಾತ್ರೆಯ ಹೆಸರು, ರವಿಕೆಯ ಅಳತೆ, ಕೋಪ ಬಂದರೆ ಪಾತ್ರೆ ಕುಕ್ಕುವ ರೀತಿ ಎಲ್ಲ ನನಗೊಬ್ಬಳಿಗೇ ಗೊತ್ತು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು.

ಅಮ್ಮನ ಹೆಸರು ಅಪ್ಪಿ. ಹದಿನೇಳನೆಯ ವಯಸ್ಸಿಗೆ ಹೆಬ್ರಿಯಿಂದ ಅಲೆವೂರಿನ ಈ ಮನೆಗೆ ಬಂದವಳು, ತೊಂಬತ್ತೊಂದಕ್ಕೆ ಇಲ್ಲಿಂದಲೇ ಹೋದಳು. ಮೂವರು ಮೈದುನಂದಿರು, ಹಾಸಿಗೆ ಹಿಡಿದ ಅತ್ತೆ, ನಾವು ಐದು ಮಕ್ಕಳು, ನಾಟಿಯ ದಿನಗಳಲ್ಲಿ ಗದ್ದೆಯ ಹೆಂಗಸರು. ಎಲ್ಲರ ಊಟ ಮುಗಿದ ಮೇಲೆ ಒಲೆಯ ಪಕ್ಕ ಗೋಡೆಯತ್ತ ತಿರುಗಿ ಕೂತು ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು. ಏನು ಉಳಿದಿದೆ ಎಂದು ನಾವು ಯಾರೂ ನೋಡಿದವರಲ್ಲ. "ನಿನಗೆಂತ ಬೇಕು?" ಎಂದರೆ "ನನಗೆ ಎಂತದೂ ಆಗ್ತದೆ" ಎನ್ನುತ್ತಿದ್ದಳು. ಆ ಉತ್ತರ ನಮಗೆ ಬಹಳ ಅನುಕೂಲವಾಗಿತ್ತು.

ಕಾರ್ಕಳದಲ್ಲಿರುವ ಅಮ್ಮನ ತಂಗಿ ಗುಣವತಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರಿಗಾದರೂ ಗೊತ್ತಿರಬೇಕಲ್ಲ!

"ಅಕ್ಕನಿಗಾ?" ಎಂದರು ಚಿಕ್ಕಮ್ಮ. "ಸಣ್ಣದಿರುವಾಗ ಅವಳ ಪಾಲಿನದ್ದನ್ನೆಲ್ಲ ನನಗೇ ಕೊಡ್ತಿದ್ದಳು, ಕುಶಲಾ. ನಾನು ತಿಂದುಬಿಡ್ತಿದ್ದೆ." ಆಮೇಲೆ ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.

ಉಳಿದವಳು ಯಮನವ್ವ. ಮಣಿಪಾಲದ ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಗಂಡನೊಂದಿಗೆ ಬಂದವಳು, ನಾಲ್ಕು ವರ್ಷಗಳಿಂದ ಹಗಲು ಹೊತ್ತು ಅಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಹೆತ್ತ ಮಗಳು ಹೋಗಿ ಅವಳನ್ನು ಕೇಳುವುದೇ ಎಂದು ಎರಡು ದಿನ ಬಿಗುಮಾನದಿಂದ ಸುಮ್ಮನಿದ್ದೆ. ಮೂರನೆಯ ದಿನ ಅವಳ ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತೆ.

"ಏನ್ ಕೊಟ್ರೂ ಉಣತಿದ್ರು ಅಕ್ಕಾರ, ಇದ ಬೇಕು ಅಂತ ಎಂದೂ ಕೇಳಲಿಲ್ಲ," ಎಂದಳು ಯಮನವ್ವ. "ಒಂದಿನ ನಾ ನನ್ನ ಸಲುವಾಗಿ ಜೋಳದ ರೊಟ್ಟಿ ಬಡಿಯಾಕತ್ತಿದ್ದೆ. ಅಮ್ಮಾರು ಬಂದು ನೋಡ್ಕೋತ ನಿಂತ್ರು. ಕುಂಡ್ರಿಸಿ, ಹಂಚಿನ ಮ್ಯಾಲಿಂದ ತಗದು ಹಂಗ ತಾಟಿಗೆ ಹಾಕಿದೆ. ಒಂದು ತುತ್ತು ತಿಂದು ಅಳಾಕತ್ತಿದ್ರು. ಚಟ್ನಿ ಖಾರ ಆತೇನೋ ಅಂದೆ. 'ಇಲ್ಲ ಯಮನವ್ವ, ನನ್ನ ಅಮ್ಮ ಹೋದ ಮೇಲೆ ನನ್ನನ್ನು ಕೂರಿಸಿ ಬಿಸಿಬಿಸಿ ಹಾಕಿದವರು ಯಾರೂ ಇಲ್ಲ' ಅಂದ್ರು. ಆಮ್ಯಾಲೆ ದಿನಾ ಹಂಗ ಹಾಕತಿದ್ದೆ."

ನಾನು ಅವಳ ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಕಾಪುವಿನ ನನ್ನ ಮನೆಯಿಂದ ತಿಂಗಳಿಗೆ ಎರಡು ಸಲ ಬರುತ್ತಿದ್ದೆ, ಸೇಬು, ಬಿಸ್ಕತ್ತು ತರುತ್ತಿದ್ದೆ. ಬಂದವಳೇ "ಅಮ್ಮಾ, ತಿನ್ನಲಿಕ್ಕೆ ಎಂತ ಉಂಟು?" ಎನ್ನುತ್ತಿದ್ದೆ. ಎಂಬತ್ತೆಂಟು ವರ್ಷದ ಅಮ್ಮ ಮಂಡಿ ಹಿಡಿದುಕೊಂಡು ಎದ್ದು ದೋಸೆ ಹೊಯ್ಯುತ್ತಿದ್ದಳು. ನಾನು ಮೂರು, ನಾಲ್ಕು ತಿನ್ನುತ್ತಿದ್ದೆ. ನನಗೆ ನನ್ನ ಬಗ್ಗೆ ಅಸಹ್ಯವಾಯಿತು.

ಬೊಜ್ಜದ ದಿನ ಯಮನವ್ವ ಹಿಟ್ಟು, ಹಂಚು ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. ಉಮಾನಾಥ ನನ್ನನ್ನು ಪಕ್ಕಕ್ಕೆ ಕರೆದ.

"ಎಲೆಗೆ ಜೋಳದ ರೊಟ್ಟಿಯಾ ಅಕ್ಕ? ನೆಂಟರು ಎಂತ ಹೇಳಿಯಾರು?"

"ಹೇಳಲಿ. ಅವರಲ್ಲಿ ಯಾರಿಗಾದರೂ ಅಮ್ಮನ ಇಷ್ಟ ಗೊತ್ತಿದ್ದರೆ ಅವರೇ ಬಂದು ಬಡಿಸಲಿ."

ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಕಿ, ಅಡುಗೆಯವರು ಮಾಡಿದ್ದನ್ನೆಲ್ಲ ಬಡಿಸಿ ಮುಗಿಸಿದೆ. ಕೊನೆಗೆ ಯಮನವ್ವ ಹಂಚಿನಿಂದ ತೆಗೆದ ರೊಟ್ಟಿಯನ್ನು ಬರಿಗೈಯಲ್ಲಿ ಹಿಡಿದು ಓಡಿದೆ. ಬೆರಳು ಚುರ್ ಎಂದಿತು. ಎಲೆಗೆ ಹಾಕಿದಾಗ ಇನ್ನೂ ಹಬೆಯಾಡುತ್ತಿತ್ತು. "ಉಣ್ಣು ಅಮ್ಮ," ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಅರವತ್ತೆರಡು ವರ್ಷ ಬೇಕಾಯಿತು. ಕ್ರಮದಂತೆ ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತೆವು.

ಐದು ನಿಮಿಷವಾಯಿತು, ಹತ್ತಾಯಿತು. ಚಪ್ಪರದಲ್ಲಿ ನೆಂಟರು ಎಲೆಯೆದುರು ಕೂತಾಗಿತ್ತು. ಒಬ್ಬಿಬ್ಬರು ಗಡಿಯಾರ ನೋಡಿಕೊಂಡರು.

"ಸಾಕಲ್ವಾ ಅಕ್ಕ, ಬಾಗಿಲು ತೆಗೆಯುವ," ಎಂದ ಉಮಾನಾಥ ಮೆಲ್ಲಗೆ. "ಎಲ್ಲರಿಗೂ ಹಸಿವಾಗಿದೆ."

"ಅಮ್ಮ ಉಣ್ತಿದ್ದಾಳೆ," ಎಂದೆ. "ಕಾಯಲಿ."