ಹಿಡಿಕೆ ಮೇಸ್ತ್ರಿಯ ಪೆಟ್ಟಿಗೆ

ತಗಡಿನ ಡಬ್ಬಿಯನ್ನು ಅವಳು ಕಾರ್ಖಾನೆಯ ನೆಲದ ಮೇಲೆ ಬೋರಲು ಹಾಕಿದಳು. ಕಪಾಟಿನ ಹಿಡಿಕೆಗಳು ಗಲಗಲ ಸದ್ದು ಮಾಡುತ್ತ ಮರದ ಹೊಟ್ಟಿನ ಮೇಲೆ ಉರುಳಿದವು. ಕೆಲವು ಮರದವು, ಕೆಲವು ಹಿತ್ತಾಳೆಯವು, ಎಲ್ಲ ಅಂಗೈ ತುಂಬುವಂಥವು, ಒಂದರಂತೆ ಇನ್ನೊಂದಿರಲಿಲ್ಲ. ಗಂಡನ ಶವಪೆಟ್ಟಿಗೆಗೆ ಮರಳುಕಾಗದ ಉಜ್ಜುತ್ತಿದ್ದ ಅವಳ ತಮ್ಮ ಕೆಲಸ ನಿಲ್ಲಿಸಿದ.

“ಅಕ್ಕಾ, ಭಾವ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ.”

“ನಿಮ್ಮ ಭಾವ ಈಗ ಬೈಯೋಕೆ ಏಳೋದಿಲ್ಲ. ಪೆಟ್ಟಿಗೆಗೆ ಆರು ಹಿಡಿಕೆ ಬೇಕು ತಾನೆ? ನಾನು ಆರಿಸಿ ಕೊಡ್ತೀನಿ, ನೀನು ಹಾಕು.”

ಅಂತ್ಯಸಂಸ್ಕಾರದ ಸಾಮಾನು ಮಾರುವವನು ಹಿಡಿಕೆಗೂ ಪೂರ್ತಿ ಮುಂಗಡ ಕೇಳಿದ್ದ. ಊರಿನಲ್ಲಿ ಸಾಲ ಹೇಳಲಾಗದ ವ್ಯಾಪಾರ ಅದೊಂದೇ. ಹೆಣದ ಗಾಡಿಯವನೂ ಅಷ್ಟೇ, ಗುಂಡಿ ತೋಡುವವನೂ ಅಷ್ಟೇ. ಮೊದಲು ಕಾಸು, ಆಮೇಲೆ ಸಂತಾಪ. ಈ ಬುದ್ಧಿ ತನ್ನ ಗಂಡನಿಗೆ ಇದ್ದಿದ್ದರೆ ಇವತ್ತು ಆತ ಬದುಕಿರುತ್ತಿದ್ದ ಎಂದು ಅವಳಿಗೆ ಅನ್ನಿಸಿತು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಕಪಾಟಿನ ಹಿಡಿಕೆ ಹೆಣದ ಭಾರ ತಡೆಯುತ್ತದೆಯೇ ಎಂದು ತಮ್ಮ ಅನುಮಾನಪಟ್ಟ. ಉದ್ದನೆಯ ತಿರುಪುಮೊಳೆ ಹಾಕು ಎಂದಳು. ಬಾಕಿ ವಸೂಲಿಗೆ ಅಲೆದೂ ಅಲೆದೂ ಗಂಡನ ಮೈಯಲ್ಲಿ ಭಾರ ಅನ್ನುವುದು ಏನು ಉಳಿದಿದೆ ಎಂದೂ ಅಂದಳು.

* * *

ಸತ್ತವನನ್ನು ಊರು ಹಿಡಿಕೆ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಕಪಾಟು ಮಾಡುವ ಬಡಗಿ. ಪ್ರತಿ ಮನೆಗೂ ಬೇರೆ ನಮೂನೆಯ ಹಿಡಿಕೆಯನ್ನು ತಾನೇ ಕಡೆಯುತ್ತಿದ್ದ. ಕೆಲಸ ಮುಗಿದ ದಿನ ಎಲ್ಲ ಬಾಗಿಲಿಗೂ ಹಿಡಿಕೆ ಹಾಕಿ, ಒಂದನ್ನು ಮಾತ್ರ ಜೇಬಿಗಿಳಿಸಿಕೊಂಡು ಬರುತ್ತಿದ್ದ. ಕೊನೆಯ ಕಂತು ಕೈಗೆ ಬಂದ ಮೇಲೆ ಕೊನೆಯ ಹಿಡಿಕೆ. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಗಿರಾಕಿ ಎಲ್ಲಿಗೆ ಹೋದಾನು ಎನ್ನುವುದು ಅವನ ಲೆಕ್ಕಾಚಾರ.

ಗಿರಾಕಿ ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲೇ ಆರಾಮಾಗಿದ್ದ. ಹಲ್ಲಿನ ಡಾಕ್ಟರು ತೂತಿನಲ್ಲಿ ಬ್ಯಾಂಡೇಜು ಪಟ್ಟಿ ಪೋಣಿಸಿ ಬಾಗಿಲು ಎಳೆದರು. ವಕೀಲರು ಬೀಗದಕೈ ತೂರಿಸಿ ಮೀಟಿದರು. ಹೋಟೆಲಿನ ಯಜಮಾನ ತನ್ನ ಕೋಣೆಯ ಕಪಾಟಿಗೆ ಹಳೇ ಟೈ ಕಟ್ಟಿಕೊಂಡ. ಹಿಡಿಕೆ ಇಲ್ಲದೆಯೂ ಕಪಾಟು ತೆರೆಯುತ್ತದೆ ಎನ್ನುವ ಸತ್ಯ ಊರಿಗೆಲ್ಲ ಹೊಳೆದಿತ್ತು, ಮೇಸ್ತ್ರಿಗೆ ಹೊಳೆಯಲಿಲ್ಲ.

ಇಡೀ ಬಾಗಿಲನ್ನೇ ಹಿಡಿದಿಟ್ಟುಕೊಳ್ಳಿ ಎಂದು ಹೆಂಡತಿ ಹೇಳಿ ಸೋತಿದ್ದಳು.

“ಬಾಗಿಲು ಇಟ್ಕೊಂಡ್ರೆ ಜಗಳ ಆಗುತ್ತೆ ಕಣೇ,” ಎನ್ನುತ್ತಿದ್ದ. “ಹಿಡಿಕೆ ಆದ್ರೆ ಬರೀ ಜ್ಞಾಪಕ. ದಿನಾ ಬೆಳಿಗ್ಗೆ ಬಟ್ಟೆ ತೆಗೆಯೋವಾಗ ನಾನು ನೆನಪಾಗ್ತೀನಿ.”

“ನೆನಪಾಗಿ ನಗ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಮಾಡಿದ್ದೇ ನಿಮ್ಮಂಥೋರನ್ನ ನೋಡಿ.”

ಅವನು ಹಲ್ಲು ಕಿಸಿದು ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ಡಬ್ಬಿ ತುಂಬುತ್ತ ಹೋಯಿತು.

* * *

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದರು. ಸಾವಿಗೆ ಬರುವುದಕ್ಕೆ ಕಾಸು ಬೇಕಿಲ್ಲವಲ್ಲ, ಬಾಕಿದಾರರು ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಎಂಥ ಕೈಕೆಲಸ, ಎಂಥ ಪ್ರಾಮಾಣಿಕ ಎಂದು ಒಬ್ಬರಿಗಿಂತ ಒಬ್ಬರು ಮಿಗಿಲಾಗಿ ಹೊಗಳಿದರು. ವಕೀಲರಂತೂ ಮೇಸ್ತ್ರಿ ಮಾಡಿದ ಕಪಾಟು ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದರು.

ಗೋಡೆಯ ಪಕ್ಕ ಮರದ ಸಾಹುಕಾರ ಕೂತಿದ್ದ. ಹೋಟೆಲಿನ ಕೆಲಸಕ್ಕೆ ಮರ ಸಾಲ ಕೊಟ್ಟವನು ಅವನೇ. ಅವಳ ತಮ್ಮನನ್ನು ಪಕ್ಕಕ್ಕೆ ಕರೆದು, ದುಡ್ಡು ಬರದಿದ್ದರೆ ನಾಳೆ ಕಾರ್ಖಾನೆಯ ಯಂತ್ರಗಳನ್ನು ಎತ್ತಿಸಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಮೆತ್ತಗೆ ಹೇಳಿದ. ಆ ಯಂತ್ರಗಳು ಹೋದರೆ ಅಕ್ಕ ತಮ್ಮಂದಿರ ಅನ್ನವೇ ಹೋದಂತೆ. ಹೋಟೆಲಿನ ಬಾಕಿ ಒಂದು ಬಂದರೆ ಸಾಹುಕಾರನ ಸಾಲ ಪೂರ್ತಿ ತೀರುತ್ತಿತ್ತು.

ಹೋಟೆಲಿನ ಯಜಮಾನ ಎಲ್ಲರಿಗಿಂತ ದೊಡ್ಡ ಹೂಗುಚ್ಛದೊಂದಿಗೆ ಬಂದ. ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಅವಳ ಮುಂದೆ ನಿಂತ.

“ನಮ್ಮಲ್ಲೇ ಕಣ್ಣು ಮುಚ್ಚಿದ್ರು ತಾಯಿ. ನಮ್ಮನೆಯವರೇ ಅನ್ನೋ ಹಾಗೆ. ನಾನೇ ಹೆಗಲು ಕೊಡ್ತೀನಿ.”

“ಕೊಡಿ,” ಎಂದಳು. “ನೀವು ಏನಾದ್ರೂ ಕೊಡ್ತೀನಿ ಅಂದಿದ್ದೇ ದೊಡ್ಡದು.”

ಅಕ್ಕಪಕ್ಕದವರು ಕೆಮ್ಮಿದರು. ಯಜಮಾನ ಅದನ್ನು ದುಃಖದ ಮಾತೆಂದು ತೆಗೆದುಕೊಂಡು ತಲೆ ಆಡಿಸಿದ.

* * *

ಮೇಸ್ತ್ರಿ ಕಣ್ಣು ಮುಚ್ಚಿದ್ದು ಹೋಟೆಲಿನ ಮುಂಭಾಗದ ಕುರ್ಚಿಯಲ್ಲಿ. ಆ ಕುರ್ಚಿಯನ್ನು ಮಾಡಿದವನೂ ಅವನೇ.

ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದ. ಜೇಬಿನಲ್ಲಿ ಯಜಮಾನನ ಹಿಡಿಕೆ ಇತ್ತು. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಹಿತ್ತಾಳೆಯ ಹಿಡಿಕೆ. ಇಂಥದ್ದು ಊರಲ್ಲಿ ಇನ್ನೊಬ್ಬರ ಹತ್ತಿರ ಇರಬಾರದು ಎಂದು ಯಜಮಾನ ಹಟ ಹಿಡಿದು ಮಾಡಿಸಿದ್ದು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕೂತಿರಿ ಎಂದಳು ಕೌಂಟರಿನ ಹುಡುಗಿ. ಕೂತ. ಆಮೇಲೆ ಊಟಕ್ಕೆ ಹೋಗಿದ್ದಾರೆ ಎಂದಳು. ಕೂತೇ ಇದ್ದ. ಯಜಮಾನ ಗಾಜಿನ ಹಿಂದಿನಿಂದ ಅವನನ್ನು ನೋಡಿ, ಅಡುಗೆಮನೆ ದಾಟಿ, ಹಿಂಬಾಗಿಲಿನಿಂದ ಕಾರು ಹತ್ತಿದ.

ಸಂಜೆ ಹುಡುಗಿ ದೀಪ ಹಾಕುವಾಗ ಮೇಸ್ತ್ರಿ ಗಲ್ಲವನ್ನು ಎದೆಗೆ ಆನಿಸಿ ಕೂತಿದ್ದ. ಪಾಪ, ನಿದ್ದೆ ಹೋಗಿದ್ದಾರೆ ಎಂದುಕೊಂಡು ಅವಳು ಫ್ಯಾನು ಜೋರು ಮಾಡಿದಳಂತೆ. ಅವನಿಗಾಗಿ ಆ ಹೋಟೆಲಿನವರು ಮಾಡಿದ್ದು ಅಷ್ಟೇ. ಆಮೇಲೆ ಭುಜ ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು, ಮುಷ್ಟಿಯಲ್ಲಿ ಹಿಡಿಕೆ ಹಾಗೇ ಇತ್ತು.

* * *

ಪೆಟ್ಟಿಗೆ ಎತ್ತುವ ಹೊತ್ತಿಗೆ ಅವಳು ತಾನೇ ಮುಂದೆ ಬಂದು ಆರು ಜನರನ್ನು ನಿಲ್ಲಿಸಿದಳು. ಡಾಕ್ಟರೇ ನೀವು ಇಲ್ಲಿ, ವಕೀಲರೇ ನೀವು ಆ ಕಡೆ, ಯಜಮಾನರೇ ನೀವು ತಲೆಯ ಹತ್ತಿರ. ಉಳಿದ ಮೂವರೂ ಬಾಕಿ ಇಟ್ಟುಕೊಂಡವರೇ. ಹೆಗಲೇನೂ ಬೇಡ, ಹಿಡಿಕೆ ಹಿಡಿದರೆ ಸಾಕು ಎಂದಳು.

ಎಲ್ಲರೂ ಬಗ್ಗಿದರು. ಡಾಕ್ಟರ ಕೈಗೆ ಮೊದಲು ಗೊತ್ತಾಯಿತು. ಎಷ್ಟೋ ವರ್ಷ ದಿನಾ ತೆರೆದು ಮುಚ್ಚಿದ ಕಪಾಟಿನ ಹಿಡಿಕೆಯ ನಮೂನೆಯನ್ನು ಅಂಗೈ ಮರೆಯುತ್ತದೆಯೇ? ವಕೀಲರು ತಮ್ಮದನ್ನು ನೋಡಿ, ಪಕ್ಕದವನದನ್ನು ನೋಡಿ, ಮುಖ ತಿರುಗಿಸಿದರು. ಯಜಮಾನನ ಬೆರಳು, ಮೇಸ್ತ್ರಿಯ ಮುಷ್ಟಿಯಲ್ಲಿದ್ದ ಆ ಹಿತ್ತಾಳೆಯ ಸುರುಳಿಯೊಳಗೆ ಸೇರಿಕೊಂಡು ಅಲ್ಲೇ ನಿಂತಿತು. ಬಿಟ್ಟರೆ ಹೆಣ ಬೀಳುತ್ತದೆ, ಹಿಡಿದರೆ ಮಾನ ಬೀಳುತ್ತದೆ. ಜನ ನೋಡುತ್ತಿದ್ದರು. ಆರೂ ಜನ ಮೇಸ್ತ್ರಿಯನ್ನು ಗಾಡಿಯವರೆಗೆ, ಗಾಡಿಯಿಂದ ಗುಂಡಿಯವರೆಗೆ ಹೊತ್ತರು.

ಪೆಟ್ಟಿಗೆಯನ್ನು ಗುಂಡಿಯ ಅಂಚಿನಲ್ಲಿ ಇಟ್ಟಾಗ ಅವಳು ತಮ್ಮನತ್ತ ನೋಡಿದಳು. ಅವನು ಜೇಬಿನಿಂದ ತಿರುಪುಳಿ ತೆಗೆದು ಮೊಣಕಾಲೂರಿದ.

“ಇದೇನಮ್ಮ ಇದು?” ಎಂದರು ವಕೀಲರು.

“ಬಾಕಿ ತೀರೋ ತನಕ ಹಿಡಿಕೆ ಕೊಡೋದಿಲ್ಲ. ಅವರ ಪದ್ಧತಿ ನಿಮಗೆ ಗೊತ್ತಲ್ಲ.” ಅವಳ ಧ್ವನಿ ಏರಲಿಲ್ಲ. “ಮಣ್ಣಿಗೆ ಹಾಕಿಬಿಟ್ರೆ ನಾಳೆ ನೀವು ದುಡ್ಡು ತಂದಾಗ ನಾನೇನು ಕೊಡ್ಲಿ? ಗೇಟಿನ ಹತ್ರ ಕೂತಿರ್ತೀನಿ.”

ತಮ್ಮ ಆರನ್ನೂ ಬಿಚ್ಚಿ ಅವಳು ತಂದಿದ್ದ ಡಬ್ಬಿಗೆ ಹಾಕಿದ. ಹಿಡಿಕೆಯಿಲ್ಲದ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸಿದರು.

ಸ್ಮಶಾನದ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಅವಳು ಕೂತಳು. ಮೊದಲು ಬಂದವರು ಹಲ್ಲಿನ ಡಾಕ್ಟರು. ಪರ್ಸಿನಲ್ಲಿದ್ದುದನ್ನೆಲ್ಲ ಕೊಟ್ಟು, ಸಾಲದಿದ್ದುದಕ್ಕೆ ಚೆಕ್ಕು ಬರೆದು, ತಮ್ಮ ಹಿಡಿಕೆ ತೆಗೆದುಕೊಂಡರು. ಬದುಕಿದ್ದವನು ಸವೆಸಿದ ಚಪ್ಪಲಿಗೆ ಸಿಗದ್ದು ಹೆಣಕ್ಕೆ ಸಿಕ್ಕಿತಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಆಗ ಅತ್ತಳು, ಬೆಳಗಿನಿಂದ ಮೊದಲ ಸಲ.

ಇನ್ನು ಯಾರೂ ಬರಲಿಲ್ಲ. ಸ್ಮಶಾನದ ಆಚೆ ಗೋಡೆಯಲ್ಲಿ ಗುಂಡಿ ತೋಡುವವರು ಮಾತ್ರ ಓಡಾಡುವ ಸಣ್ಣ ಬಾಗಿಲೊಂದಿತ್ತು. ಅದರ ಕದ ಕಿರುಗುಟ್ಟಿತು. ಹಿಂದೆಯೇ ಒಂದು ಕಾರು ಶುರುವಾದ ಸದ್ದು, ಇನ್ನೊಂದು, ಮತ್ತೊಂದು.

“ಹೋಗೋಣ ಅಕ್ಕಾ,” ಎಂದ ತಮ್ಮ.

ಅವಳು ಏಳಲಿಲ್ಲ. ಗಂಡ ಕೂರುತ್ತಿದ್ದ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ತೆರೆದೇ ಕೂತಿದ್ದಳು. ಎಲ್ಲದರ ಮೇಲೆ ಹಿತ್ತಾಳೆಯ ಸುರುಳಿ ಬಿದ್ದಿತ್ತು, ಯಜಮಾನನ ಕೈಬೆವರು ಅದರ ಮೇಲೆ ಇನ್ನೂ ಆರಿರಲಿಲ್ಲ.